ಏಳು ಜನರ ಯುಗಾದಿ ಊಟ: ಒಂದು ಬಹುಶಿಸ್ತೀಯ ಅನುಸಂಧಾನ

ಯುಗಾದಿಯ ದಿನ ಏಳು ಜನರ ಕುಟುಂಬವೊಂದಕ್ಕೆ ಮಧ್ಯಾಹ್ನ ಏನೇನು ಮಾಡುವುದು ಎಂಬ ಪ್ರಶ್ನೆಯನ್ನು ಆಹಾರ ಸಂಕಥನದ ನೆಲೆಯಲ್ಲಿ ಸಮಸ್ಯೀಕರಿಸಿ, ಅದರ ಬಹುಸ್ತರೀಯ ಒಳಸುಳಿಗಳೊಂದಿಗೆ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ವಿನಮ್ರ ಆಶಯವಾಗಿದೆ. 'ಹಬ್ಬಕ್ಕೆ ಏನು ಅಡುಗೆ?' ಎಂದು ನೇರವಾಗಿ ಕೇಳಬಹುದಿತ್ತು. ಹಾಗೆ ಕೇಳಿದರೆ ಅದು ಅಡುಗೆಮನೆಯ ಮಾತಾಗುತ್ತದೆ. ಅಡುಗೆಮನೆಯ ಮಾತಿಗೆ ಸರ್ಟಿಫಿಕೇಟು ಕೊಡುವ ಪದ್ಧತಿ ನಮ್ಮ ವಿಚಾರ ಸಂಕಿರಣಗಳಲ್ಲಿ ಇಲ್ಲ.

ಮೊದಲಿಗೆ ಪೂರ್ವಾಧ್ಯಯನಗಳ ಸಮೀಕ್ಷೆ. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ' 1025ರದು. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸುವುದು ಹೇಗೆಂದು ಅದು ಹೇಳುತ್ತದೆ. ನೆನೆಸಬೇಕಾದವರು ಯಾರೆಂದು ಹೇಳುವುದಿಲ್ಲ. ಚಾಲುಕ್ಯ ದೊರೆ ಮುಮ್ಮಡಿ ಸೋಮೇಶ್ವರನ 'ಮಾನಸೋಲ್ಲಾಸ' ಊಟವನ್ನು ರಾಜನ ಭೋಗಗಳ ಸಾಲಿನಲ್ಲಿ ಇಡುತ್ತದೆ. ಅಂದರೆ ಉಂಡವನೇ ಬರೆದ ಗ್ರಂಥ. ಮುಮ್ಮಡಿ ಮಂಗರಸನ 'ಸೂಪಶಾಸ್ತ್ರ'ವಂತೂ ಷಟ್ಪದಿಯಲ್ಲೇ ಅಡುಗೆ ಕಲಿಸುತ್ತದೆ, ಬದನೆಕಾಯಿಯ ಮೇಲೆ ಆತನಿಗೆ ವಿಶೇಷ ಒಲವು. ಇಷ್ಟೆಲ್ಲ ಹೇಳಿದ ಮಹಾನುಭಾವ, ಬದನೆಕಾಯಿ ಕಂಡರೆ ಸಾಕು ಮೈ ಕೆರೆಯುತ್ತದೆ ಎನ್ನುವ ಚಿಕ್ಕಮಾವನನ್ನು ಏನು ಮಾಡಬೇಕು ಎಂಬ ಬಗ್ಗೆ ಮೌನ ತಾಳಿದ್ದಾನೆ. ಕನ್ನಡ ಸೂಪಶಾಸ್ತ್ರ ಪರಂಪರೆಯ ಈ ಸಂಶೋಧನಾ ಅಂತರವನ್ನು ತುಂಬಲು ಪ್ರಸ್ತುತ ಸಂಶೋಧಕಿ ಸೆರಗು ಸಿಕ್ಕಿಸಿದ್ದಾಳೆ.

ಪ್ರಾಕ್ಕಲ್ಪನೆ ಇದು: ಉಣ್ಣುವವರು ಕಡಿಮೆಯಾದಷ್ಟೂ ಪಟ್ಟಿ ಉದ್ದವಾಗುತ್ತದೆ. ಮದುವೆಯ ಊಟಕ್ಕೆ ಐನೂರು ಎಲೆಯಾದರೂ ಅಡುಗೆ ಕಂಟ್ರ್ಯಾಕ್ಟರ್ ಬಂದು 'ಸ್ವೀಟ್ ಒಂದಾ ಎರಡಾ?' ಎಂದು ಕೇಳಿ, ಅಡ್ವಾನ್ಸ್ ಇಸ್ಕೊಂಡು ಎದ್ದುಹೋಗುತ್ತಾನೆ. ಏಳು ಜನರಿಗೆ ಹಾಗಾಗುವುದಿಲ್ಲ. ಏಳು ಜನರಿಗೆ ಒಂದು ವಾಟ್ಸಾಪ್ ಗ್ರೂಪ್ ಇರುತ್ತದೆ.

ಸದರಿ ಗ್ರೂಪೇ ನಮ್ಮ ಕ್ಷೇತ್ರಕಾರ್ಯದ ಆಕರ. ಅಲ್ಲಿ ಲಭ್ಯವಾದ ಮೌಖಿಕ ಹಾಗೂ ಇಮೋಜಿ ಸಾಮಗ್ರಿಯನ್ನು ಆಧರಿಸಿ ಭೋಕ್ತೃಗಳನ್ನು ಹೀಗೆ ವಿಂಗಡಿಸಬಹುದು. ಒಂದು, ನಿಷೇಧಪ್ರಧಾನ ಭೋಕ್ತೃ. ಇವರು ತಾವು ತಿನ್ನುವುದನ್ನು ಹೇಳುವುದಿಲ್ಲ, ತಿನ್ನದಿರುವುದನ್ನು ಮಾತ್ರ ಹೇಳುತ್ತಾರೆ. ಸೋದರತ್ತೆಗೆ ಹಬ್ಬದ ದಿನ ಈರುಳ್ಳಿ, ಬೆಳ್ಳುಳ್ಳಿ ಕೂಡದು. ಅಮೆರಿಕದಿಂದ ಬಂದ ಮೈದುನನಿಗೆ ಗೋಧಿ, ಮೈದಾ ಎರಡೂ ಆಗದು. ಭಾವನವರಿಗೆ ಶುಗರ್, 'ನನಗೆ ಸಿಹಿ ಬೇಡವೇ ಬೇಡ' ಎಂದು ಮೊದಲೇ ಸಾರಿರುತ್ತಾರೆ, ಆಮೇಲೆ 'ಇದು ಬೆಲ್ಲದ್ದಲ್ವಾ' ಎಂದು ತುಪ್ಪ ಹಾಕಿಸಿಕೊಂಡು ಮೂರು ಒಬ್ಬಟ್ಟು ಇಳಿಸುತ್ತಾರೆ. ಎರಡು, ಸ್ಮೃತಿಪ್ರಧಾನ ಭೋಕ್ತೃ. 'ನಮ್ಮಮ್ಮ ಮಾಡುತ್ತಿದ್ದ ಸಾರು' ಎಂಬ ಅಪ್ರಾಪ್ಯ ಆಕರಗ್ರಂಥವನ್ನು ಇವರು ಎಲೆ ಮುಂದೆ ಕೂತಾಗಲೆಲ್ಲ ಉಲ್ಲೇಖಿಸುತ್ತಾರೆ. ಮೂರು, ಉದಾಸೀನ ಭೋಕ್ತೃ. ಇವರ ಘೋಷವಾಕ್ಯ 'ಏನಾದ್ರೂ ಮಾಡಿ, ಸಿಂಪಲ್ಲಾಗಿರ್ಲಿ'. ಇವರೇ ಎಲ್ಲರಿಗಿಂತ ಅಪಾಯಕಾರಿ. ಇನ್ನೂ ನಾಲ್ಕು ವರ್ಗಗಳನ್ನೂ ಉಪವರ್ಗಗಳ ಕೋಷ್ಟಕವೊಂದನ್ನೂ ಯೋಜಿಸಿದ್ದೆ. ಬೇಡ ಬಿಡಿ. ಏಳು ಜನಕ್ಕೆ ಏಳು ವರ್ಗ ಮಾಡಿದರೆ ಅದು ವರ್ಗೀಕರಣವಲ್ಲ, ಹಾಜರಿ.

ಮೂರನೆಯವರ ಸಿಂಪಲ್ ಪಟ್ಟಿಯನ್ನು ಮಾತ್ರ ಪಠ್ಯವಾಗಿ ಓದಲೇಬೇಕು: ಬೇವು ಬೆಲ್ಲ (ಅದು ಲೆಕ್ಕಕ್ಕಿಲ್ಲ), ಕೋಸಂಬರಿ, ಹುರುಳಿಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ, ವಡೆ, ಹಪ್ಪಳ, ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಜ್ಜಿಗೆಹುಳಿ, ಎಲೆ ತುದಿಗೆ ಒಂಚೂರು ಪಾಯಸ. ಒಂಚೂರು ಪಾಯಸ ಮಾಡುವ ಪಾತ್ರೆಯನ್ನು ಯಾವ ಕಂಪನಿಯೂ ಇನ್ನೂ ತಯಾರಿಸಿಲ್ಲ.

ಇನ್ನು ಬೇಳೆಯ ದ್ವಂದ್ವಾತ್ಮಕ ವೈರುಧ್ಯ. ಸಂಶೋಧಕಿ ಧಾರವಾಡದವಳು, ಹೋಳಿಗೆಗೆ ಕಡಲೆಬೇಳೆ. ಅತ್ತೆಯವರು ಮಂಡ್ಯದ ಕಡೆಯವರು, ತೊಗರಿಬೇಳೆ. ಎರಡೂ ಮಾಡಿದರೆ ಬಹುತ್ವ. ಒಂದೇ ಮಾಡಿದರೆ ಯಜಮಾನಿಕೆ. ಬೇಳೆಯೇ ಬೇಡ, ಕಾಯಿ ಒಬ್ಬಟ್ಟು ಮಾಡೋಣವೆಂದರೆ ಅದು ಮೂರನೆಯ ದಾರಿ, ತುರಿಯುವ ಕೈ ಮಾತ್ರ ಅದೇ. 2026ರ ಯುಗಾದಿಗೆ ಬಂದ ಸಂವತ್ಸರದ ಹೆಸರು ಪರಾಭವ. ಇದನ್ನು ವಿದ್ವಾಂಸರು ಕಾಕತಾಳೀಯವೆನ್ನಬಹುದು.

ಆಹಾರ ಮತ್ತು ಸಂಸ್ಕೃತಿ ಎಂಬ ವಿಷಯದ ಮೇಲಿನ ಸಂಕಿರಣವೊಂದರಲ್ಲಿ ವಿದ್ವಾಂಸರೊಬ್ಬರು ಹೋಳಿಗೆಯನ್ನು 'ದೇಸಿ ಜ್ಞಾನಪರಂಪರೆಯ ವೃತ್ತಾಕಾರದ ರೂಪಕ' ಎಂದು ಕರೆದರು. ಚಪ್ಪಾಳೆ ಬಿತ್ತು. ಬೇಳೆ ಎಷ್ಟು ಬೇಯಬೇಕು ಸರ್ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. 'ಅದು ಅನುಭವವಾದಿ ಪ್ರಶ್ನೆ, ನಾನು ಜ್ಞಾನಮೀಮಾಂಸೆಯ ನೆಲೆಯಲ್ಲಿ ಮಾತಾಡುತ್ತಿದ್ದೇನೆ' ಎಂದರು.

ಬೇಳೆ ಎಷ್ಟು ಬೇಯಬೇಕು ಎಂದು ನಾನು ಹೇಳುತ್ತೇನೆ ಸ್ವಾಮಿ. ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಹಿಸುಕಿದರೆ ಮೆತ್ತಗೆ ಒಡೆಯಬೇಕು, ಆದರೆ ಕರಗಿ ಗಂಜಿಯಾಗಬಾರದು. ಆ ಹದ ಕುಕ್ಕರಿನ ಸೀಟಿಗೆ ತಿಳಿಯುವುದಿಲ್ಲ, ತೆರೆದ ಪಾತ್ರೆಯ ಪಕ್ಕದಲ್ಲಿ ನೊರೆ ತೆಗೆಯುತ್ತ ನಿಂತಿರಬೇಕು. ನೀರು ಬಸಿದು ಕಟ್ಟನ್ನು ಸಾರಿಗೆ ಎತ್ತಿಡಬೇಕು. ಬೇಳೆಗೆ ಬೆಲ್ಲ ಹಾಕಿ ಗಟ್ಟಿಯಾಗುವ ತನಕ ಮಗುಚಿ, ಏಲಕ್ಕಿ ಸೇರಿಸಿ ರುಬ್ಬಬೇಕು. ಹೂರಣದಲ್ಲಿ ನೀರು ಉಳಿಯಿತೋ, ಲಟ್ಟಿಸುವಾಗ ಕಣಕ ಹರಿದು, ಹೂರಣ ಹೆಂಚಿಗೆ ಮೆತ್ತಿ, ಬೆಲ್ಲ ಸೀದು ಮನೆಯೆಲ್ಲ ಘಾಟು. ಕಣಕವನ್ನು ಮೊದಲೇ ಅರಿಸಿನ ಹಾಕಿ ಕಲಸಿ, ನಾದಿ, ಎಣ್ಣೆಯಲ್ಲಿ ನೆನೆಯಲು ಬಿಟ್ಟಿರಬೇಕು, ಎಳೆದರೆ ರಬ್ಬರಿನ ಹಾಗೆ ಬರಬೇಕು. ಇಷ್ಟಾದ ಮೇಲೆ ಒಬ್ಬಟ್ಟು ಬಿಸಿಬಿಸಿಯಾಗಿ ಎಲೆಗೆ ಬೀಳಬೇಕೆಂಬುದು ಎಲ್ಲರ ಆಸೆ. ಆದಕಾರಣ ಹೆಂಚಿನ ಮುಂದೆ ಇರುವವಳು ಎಲೆಯ ಮುಂದೆ ಇರಲು ಸಾಧ್ಯವೇ ಇಲ್ಲ. ಇದಕ್ಕೆ ಜ್ಞಾನಮೀಮಾಂಸೆ ಬೇಡ, ಎರಡು ಕಣ್ಣು ಸಾಕು. ಒಳಗಿಂದ ಬರುವ ತಟ್ಟೆಯನ್ನು ಕಾಣುವ ಕಣ್ಣು ಅದರ ಹಿಂದಿನ ಕೈಯನ್ನು ಕಾಣುವುದಿಲ್ಲವೆಂದರೆ ಹೇಗೆ? ಹಬ್ಬ ಹಬ್ಬಕ್ಕೂ 'ನೀನೂ ಕೂತ್ಕೋ ಬಾರಮ್ಮ' ಎನ್ನುತ್ತಾರೆ, ಎರಡನೆಯ ಒಬ್ಬಟ್ಟಿಗೆ ಕೈ ಚಾಚುತ್ತಲೇ. ನಾನು ಕೂತರೆ ಆ ಎರಡನೆಯದು ಎಲ್ಲಿಂದ ಬರಬೇಕು?

ಪ್ರಬಂಧದ ಶಿಸ್ತಿಗೆ ಮರಳೋಣ. ಅಂಕಿಅಂಶ ಬೇಕೆನ್ನುವವರಿಗೆ: ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಾರೆ, ಗಂಡಸರು 97 ನಿಮಿಷ. ಗಂಡಸರಲ್ಲಿ ಆ ಕೆಲಸಕ್ಕೆ ಕೈಹಾಕುವವರೇ ನೂರಕ್ಕೆ 26ರಷ್ಟು ಮಂದಿ. ಇದು ಮಾಮೂಲಿ ದಿನದ ಲೆಕ್ಕ, ಒಬ್ಬಟ್ಟಿನ ದಿನದ್ದಲ್ಲ. ನಮ್ಮ ಭಾವನವರು ಆ 26ರಲ್ಲಿ ತಾವೂ ಇದ್ದೇವೆಂದು ನಂಬಿದ್ದಾರೆ, ಏಕೆಂದರೆ ಮಾವಿನ ತೋರಣ ಕಟ್ಟುವವರು ಅವರೇ.

ಮೇಲಿನ ಚರ್ಚೆಯ ಹಿನ್ನೆಲೆಯಲ್ಲಿ ಸಂಶೋಧಕಿಯು ಗ್ರೂಪಿನಲ್ಲಿ ಒಂದು ಸೈದ್ಧಾಂತಿಕ ಚೌಕಟ್ಟನ್ನು ಮಂಡಿಸಿದಳು: ಪಟ್ಟಿಗೆ ಯಾರು ಯಾವ ಐಟಂ ಸೇರಿಸುತ್ತಾರೋ ಅದನ್ನು ಅವರೇ ಮಾಡತಕ್ಕದ್ದು. ತುಸು ಹೊತ್ತು ಗ್ರೂಪಿನಲ್ಲಿ ಯಾರೂ ಏನೂ ಟೈಪ್ ಮಾಡಲಿಲ್ಲ. ಬಳಿಕ ಪಾಯಸ 'ಯಾಕೆ ಸುಮ್ನೆ' ಎಂದು ಹಿಂದೆ ಸರಿಯಿತು. ವಡೆಗೆ ಎಣ್ಣೆ ಜಾಸ್ತಿಯೆಂಬ ಆರೋಗ್ಯ ಕಾಳಜಿ ದಿಢೀರನೆ ಹುಟ್ಟಿತು. ಮಜ್ಜಿಗೆಹುಳಿಯನ್ನು ತಾವು ಕೇಳಿಯೇ ಇರಲಿಲ್ಲವೆಂದು ಚಿಕ್ಕಮಾವ ಸಾಧಿಸಿದರು. ಅತ್ತೆಯವರೊಬ್ಬರು ಮಾತ್ರ 'ಚಿತ್ರಾನ್ನ ನಂದು' ಎಂದು ಬರೆದರು, ಮೊಣಕಾಲು ನೋವಿನ ಅತ್ತೆ. ಅವರ ಮೇಲೆ ತೊಗರಿಬೇಳೆಯ ಸಿಟ್ಟು ನನಗೆ ಆವತ್ತಿಗೆ ಇಳಿಯಿತು.

ಕೊನೆಗೆ ಉಳಿದದ್ದು ಅನ್ನ, ತಿಳಿಸಾರು, ಕೋಸಂಬರಿ, ಚಿತ್ರಾನ್ನ. ಒಬ್ಬಟ್ಟನ್ನು ಅಂಗಡಿಯಿಂದ ತರುವುದು. 'ಸಿಂಪಲ್ ಅಂದ್ರೆ ಇಷ್ಟು ಸಿಂಪಲ್ ಅಂತಲ್ಲ' ಎಂದು ಭಾವನವರು ಗೊಣಗಿ, ಹಬ್ಬದ ದಿನ ಒಬ್ಬಟ್ಟಿನ ಅಂಗಡಿ ಮುಂದೆ ಕ್ಯೂ ನಿಲ್ಲುವುದು ತಮ್ಮಿಂದಾಗದೆಂದು ತಿಳಿಸಿದ್ದಾರೆ. ಮರುದಿನದ ಹೊಸತೊಡಕಿಗೆ ನಸುಕಿನಲ್ಲೇ ಎದ್ದು ಮಟನ್ ಅಂಗಡಿಯ ಕ್ಯೂಗೆ ಮಾತ್ರ ಅವರೂ ಸೇರಿ ಮೂವರು ಹೆಸರು ಕೊಟ್ಟಾಗಿದೆ. ಎಷ್ಟು ಕೆ.ಜಿ., ಚಾಪ್ಸ್ ಬೇಕೋ ಬೇಡವೋ, ತಲೆಕಾಲು ತರೋಣವೋ ಎಂಬುದರ ಮೇಲೆ ಚರ್ಚೆ ಬಿರುಸಾಗಿ ಸಾಗಿದೆ. ಮಸಾಲೆ ರುಬ್ಬುವವರ ವಿಷಯ ಇನ್ನೂ ಅಜೆಂಡಾಕ್ಕೆ ಬಂದಿಲ್ಲ.