ಓವನ್ನಿನೊಳಗೆ ಕೋಳಿ

ನಮ್ಮ ಮನೆಯ ಓವನ್ನು ಬಹುಕಾಲದಿಂದ ಹಳೇ ಡಬ್ಬಿ, ಕುಕ್ಕರಿನ ರಬ್ಬರು ಇಡುವ ಕಪಾಟಾಗಿತ್ತು. ಅದನ್ನೆಲ್ಲ ಖಾಲಿ ಮಾಡಿ ಖಾರ-ಸಿಹಿ ಕೋಳಿ ಬೇಯಿಸುತ್ತೇನೆ ಎಂದಾಗ ಅತ್ತೆಯವರು, "ಕೋಳಿಗೆ ಬೆಲ್ಲವೇ? ಹೋಳಿಗೆ ಮಾಡ್ತಿದ್ದೀಯೇನಮ್ಮ?" ಅಂದರು. ಬ್ಯಾಡಗಿ ಮೆಣಸಿನಕಾಯಿ ಬಣ್ಣದಲ್ಲಷ್ಟೇ ಶೂರ, ಖಾರದಲ್ಲಿ ಸಾಧು. ಅದಕ್ಕೇ ಜೊತೆಗೆ ಗುಂಟೂರು ಮೆಣಸಿನಕಾಯಿಯನ್ನೂ ಅರೆದೆ. ಅದಕ್ಕೆ ಬೆಳ್ಳುಳ್ಳಿ, ನಿಂಬೆರಸ, ಉಪ್ಪು ಬೆರೆಸಿ ಕೋಳಿಗೆ ಸವರಿ 200 ಡಿಗ್ರಿಗೆ ಇಟ್ಟು ಗಾಜಿನ ಮುಂದೆ ಮಣೆ ಹಾಕಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಮನೆಯವರೆಲ್ಲ ಅಲ್ಲಿಗೇ ಜಮಾಯಿಸಿದರು. ಟಿವಿಯ ಕ್ರಿಕೆಟ್ ಅನಾಥವಾಯಿತು. ಕೊನೆಗೆ ಬೆಲ್ಲದ ಪಾಕ ಸವರಿದೆ. ಕೋಳಿತೊಡೆಯ ಮೇಲೆ ಅದು ಗುಳುಗುಳು ಉಕ್ಕಿ ಅಂಚು ಕಪ್ಪಾಗತೊಡಗಿತು. "ಸೀದೋಯ್ತು!" ಅಂದರು ಅತ್ತೆ. "ರುಚಿ ಇರೋದೇ ಅಲ್ಲಿ" ಅಂದೆ, ಬಾಯಲ್ಲಿ ಧೈರ್ಯ, ಎದೆಯಲ್ಲಿ ನಡುಕ. ಆ ಕಪ್ಪು ತುಂಡನ್ನೇ ಅತ್ತೆ ಎರಡನೇ ಸಲ ಕೇಳಿ ಹಾಕಿಸಿಕೊಂಡರು. ನೀವೂ ಮಾಡಿ, ಆದರೆ ಟ್ರೇಗೆ ಫಾಯಿಲ್ ಹಾಸುವುದನ್ನು ಮರೆಯಬೇಡಿ, ಅಂಟಿದ ಬೆಲ್ಲ ಉಜ್ಜಲು ಯಾರೂ ಜಮಾಯಿಸುವುದಿಲ್ಲ.