ಮ್ಯೂಟ್‌ನಲ್ಲಿರುವ ಮಹನೀಯರು

ಸೋಮವಾರದ ರಿವ್ಯೂ ಮೀಟಿಂಗ್. ಸಾಹೇಬರು ಹುಡುಗನೊಬ್ಬನನ್ನು ಎಬ್ಬಿಸಿ ನಿಲ್ಲಿಸಿ, "ಡಿಗ್ರಿ ಎಲ್ಲಿ ಕೊಂಡ್ಕೊಂಡೆ, ಎಷ್ಟಾಯ್ತು?" ಎಂದು ವಿಚಾರಿಸುತ್ತಿದ್ದಾರೆ. ಉಳಿದವರಿಗೆಲ್ಲ ಆ ಕ್ಷಣಕ್ಕೇ ಲ್ಯಾಪ್‌ಟಾಪಿನಲ್ಲಿ ಬಲು ತುರ್ತಿನ ಕೆಲಸ ಹುಟ್ಟಿಕೊಂಡಿದೆ. ಒಬ್ಬರು ಖಾಲಿ ಎಕ್ಸೆಲ್ ಶೀಟಿನಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದಾರೆ. ಇನ್ನೊಬ್ಬರು ನೀರಿನ ಬಾಟಲಿಯ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಅದರ ಗುಣಮಟ್ಟ ಪರೀಕ್ಷಿಸುತ್ತಿದ್ದಾರೆ. ಸಾಹೇಬರು ಜೋಕ್ ಹೊಡೆದಾಗ ಮಾತ್ರ ಸಾಮೂಹಿಕ ನಗೆ. ಎಷ್ಟು ನಗಬೇಕೆಂಬ ಅಳತೆ ಸರ್ವೀಸಿನಿಂದಲೇ ಬರಬೇಕು.

ಹನ್ನೊಂದೂವರೆಗೆ ಟೀ ಅಂಗಡಿ ಮುಂದೆ ಇದೇ ಮಂದಿ ಹುಲಿಗಳು. "ನಾನಾಗಿದ್ರೆ ಮುಖಕ್ಕೇ ಎಸೀತಿದ್ದೆ ಗುರೂ, ರಾಜೀನಾಮೆ!" ಸಾಹೇಬರಿಲ್ಲದ ವಾಟ್ಸಾಪ್ ಗುಂಪಿನಲ್ಲಂತೂ ಕ್ರಾಂತಿಯೇ ಆಗಿಹೋಗಿರುತ್ತದೆ.

1968ರಲ್ಲಿ ಅಮೆರಿಕದ ಲತಾನೆ ಮತ್ತು ಡಾರ್ಲಿ ಎಂಬ ಮನೋವಿಜ್ಞಾನಿಗಳು ಫಾರಂ ತುಂಬುತ್ತಿದ್ದವರ ಕೋಣೆಗೆ ಹೊಗೆ ಬಿಟ್ಟು ನೋಡಿದರು. ಒಬ್ಬಂಟಿಯಾಗಿದ್ದವರಲ್ಲಿ ಶೇ. 75 ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗದವರಂತೆ ಕೂತ ಇಬ್ಬರು ಜೊತೆಗಿದ್ದಾಗ ಎದ್ದವರು ಶೇ. 10 ಮಾತ್ರ. ಉಳಿದವರು ಕೆಮ್ಮುತ್ತ, ಹೊಗೆಯನ್ನು ಕೈಯಲ್ಲಿ ಸರಿಸುತ್ತ ಫಾರಂ ತುಂಬಿದರು. ನಮ್ಮಲ್ಲಾಗಿದ್ದರೆ ಇವರಿಗೆ ಅಪ್ರೈಸಲ್‌ನಲ್ಲಿ ಐದಕ್ಕೆ ಐದು.

ಕೆಮ್ಮು ಮಾತ್ರ ಬಿಡುವುದಿಲ್ಲ. ಬೈಸಿಕೊಂಡವರಿಗಷ್ಟೇ ಅಲ್ಲ, ನೋಡುತ್ತ ಕೂತವರಿಗೂ ಮಾನಸಿಕ ಒತ್ತಡ ಹೆಚ್ಚೆಂದು ಫಿನ್ಲೆಂಡಿನ ಮಾರಿತ್ ವಾರ್ಟಿಯಾ 2001ರಲ್ಲೇ ಬರೆದರು. ಬೈಗುಳ ತಮ್ಮ ಪಾಲಿಗೆ ಬರದಿದ್ದರೂ, ಅದೇ ವಾತಾವರಣದಲ್ಲಿ ದುಡಿಯುವ ನರ್ಸ್‌ಗಳು ಕೆಲಸ ಬಿಡುವ ಯೋಚನೆ ಮಾಡುತ್ತಾರೆಂದು 2012ರ ಕೆನಡಾ ಅಧ್ಯಯನ ಹೇಳಿತು. ನಮ್ಮ ಸಾಕ್ಷಿ ಮಹಾಶಯರಿಗೆ ಅಧ್ಯಯನವೇನೂ ಬೇಕಿಲ್ಲ. ಭಾನುವಾರ ಸಂಜೆಯಾಯಿತೆಂದರೆ ಹೊಟ್ಟೆಯೊಳಗೆ ತಳಮಳ. ಗ್ರೂಪಿನಲ್ಲಿ 'ಟೈಪಿಂಗ್' ಎಂದು ಕಂಡರೆ ಎದೆ ಧಸಕ್. ನಾಳಿನ ಸರದಿ ಯಾರದೋ! ಸೋಮವಾರ ನುಂಗಿದ ಮಾತೆಲ್ಲ ಮಗಳ ಹೋಮ್‌ವರ್ಕಿನ ಮೇಲೆ ಹೊರಬರುತ್ತದೆ.

ಇದನ್ನು ಎಚ್‌ಆರ್‌ಗೆ ಹೇಳಬಹುದೇ? "ನಿಮಗೇನಾದರೂ ಅಂದರಾ?" ಇಲ್ಲ. "ಮತ್ತೆ?" ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಿದೆ, ಸಮಿತಿಯಿದೆ. ಬರೀ ಮಾನ ಕಳೆಯುವುದಕ್ಕೆ ಇಲ್ಲಿ ಪ್ರತ್ಯೇಕ ಕಾನೂನಿಲ್ಲ. ಅದಕ್ಕೆ 'ಸಾಹೇಬರು ಸ್ವಲ್ಪ ಸ್ಟ್ರಿಕ್ಟು' ಎಂಬ ಹೆಸರಿದೆ. ಆದರೂ ಸಂಸ್ಥೆ ಕೈಕಟ್ಟಿ ಕೂತಿಲ್ಲ. ಶುಕ್ರವಾರ ಧ್ಯಾನ ಶಿಬಿರ, ಹಾಜರಾತಿ ಕಡ್ಡಾಯ, ಉದ್ಘಾಟನೆ ಸಾಹೇಬರಿಂದ.

ಹುಡುಗ ಬಿಟ್ಟುಹೋದ. ಹಿಂದೆಯೇ ನಾಲ್ವರು ನೋಡುಗರೂ ಹೋದರು. ಎಕ್ಸಿಟ್ ಇಂಟರ್‌ವ್ಯೂನಲ್ಲಿ ಐವರೂ ಕೊಟ್ಟ ಕಾರಣ ಒಂದೇ: ಬೆಟರ್ ಆಪರ್ಚುನಿಟಿ. ಎಚ್‌ಆರ್‌ನವರು ತುಂಬ ಯೋಚಿಸಿ ಕ್ಯಾಂಟೀನಿನ ಮೆನು ಬದಲಿಸಿದ್ದಾರೆ.