ಅಳಿಯನ ಮಗ್ಗ

1985ರಲ್ಲಿ ಕೇಂದ್ರ ಸರ್ಕಾರ ಒಂದು ಕಾನೂನು ಮಾಡಿತು. ಕೆಲವು ಬಗೆಯ ಬಟ್ಟೆಗಳು ಕೈಮಗ್ಗಕ್ಕೇ ಮೀಸಲು, ವಿದ್ಯುತ್ ಮಗ್ಗದವರು ಅವುಗಳ ತಂಟೆಗೆ ಬರಕೂಡದು ಎಂದು. ಈಗ ಆ ಪಟ್ಟಿಯಲ್ಲಿ 11 ಬಾಬತ್ತುಗಳಿವೆ. ಸೀರೆ, ಪಂಚೆ, ಲುಂಗಿ, ಜಮಖಾನದ ಜೊತೆ ಟವೆಲ್ಲೂ ಇದೆ. ಆದರೆ ನಾನು ಕೈಯಾರೆ ನೇಯ್ದ ಟವೆಲ್ಲಿಗೆ ನಮ್ಮ ಮನೆಯಲ್ಲಿ ಯಾವ ಮೀಸಲಾತಿಯೂ ಸಿಗಲಿಲ್ಲ. ಬಚ್ಚಲುಮನೆಯ ಗೂಟದಿಂದ ಅಡುಗೆಕಟ್ಟೆಗೆ, ಅಲ್ಲಿಂದ ಸ್ಕೂಟರಿನ ಸೀಟಿಗೆ ಇಳಿದು, ಸದ್ಯ ಹೊಸ್ತಿಲಾಚೆ ಕಾಲೊರಸಾಗಿದೆ.

ಮಗ್ಗ ಅಂದರೆ ಕುಣಿಮಗ್ಗವಲ್ಲ, ಮೇಜಿನ ಮೇಲೆ ಕೂರುವ ಪುಟ್ಟದು. ಆಗಸ್ಟ್ 7, ರಾಷ್ಟ್ರೀಯ ಕೈಮಗ್ಗ ದಿನದ ಹುರುಪಿನಲ್ಲಿ ತರಿಸಿದ್ದು. ರಿಟೈರಾದವರಿಗೆ ಏನಾದರೊಂದು ಹವ್ಯಾಸ ಇರಲಿ ಎಂದವಳು ಹೆಂಡತಿಯೇ. ಅವಳ ಮನಸ್ಸಿನಲ್ಲಿದ್ದದ್ದು ವಾಕಿಂಗು.

ನೇಯುವುದೇನೂ ಕಷ್ಟವಲ್ಲ, ನೇಯುವುದಕ್ಕೆ ಮುಂಚಿನದ್ದೇ ಪ್ರಾಣಸಂಕಟ. 15 ಇಂಚು ಅಗಲದ ಬಟ್ಟೆ, ಇಂಚಿಗೆ ಹತ್ತು ಎಳೆ ಅಂದರೂ 150 ಎಳೆ ಹಾಸು ಬೇಕು. ಊಟದ ಮೇಜಿನ ಕಾಲಿನಿಂದ ಬಾಗಿಲ ಚಿಲಕದವರೆಗೆ ನೂಲು ಎಳೆದೆ. ಮನೆಮಂದಿಯೆಲ್ಲ ಬಗ್ಗಿ ಓಡಾಡಿದರು. ನೆಂಟರು ಅದನ್ನು ವಿನಯವೆಂದು ತಿಳಿದರು. ಆಮೇಲೆ ಒಂದೊಂದು ಎಳೆಯನ್ನೂ ಹಣಿಗೆಗೆ ಪೋಣಿಸಬೇಕು: ಒಂದು ತೂತಿಗೆ, ಒಂದು ಸಂದಿಗೆ. ಎಂಬತ್ತೇಳು, ಎಂಬತ್ತೆಂಟು ಎನ್ನುವಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬೆಲ್ ಒತ್ತುತ್ತಾನೆ. ಓಟಿಪಿ ಹೇಳಿ ಬಂದು ಕೂತರೆ ಎಣಿಕೆ ಓಟಿಪಿಯಿಂದ ಮುಂದುವರಿಯುತ್ತದೆ.

ಹೊಕ್ಕಿನ ನೂಲನ್ನು ಬಿಗಿಯಾಗಿ ಎಳೆದರೆ ಅಂಚು ಒಳಕ್ಕೆ ಸರಿಯುತ್ತದೆ. ಓರೆಯಾಗಿ, ಸ್ವಲ್ಪ ಸಡಿಲ ಬಿಟ್ಟು ಹಣಿಗೆ ಬಡಿಯಬೇಕು. ಇದು ನನಗೆ ಗೊತ್ತು. ನನ್ನ ಕೈಗೆ ಗೊತ್ತಿಲ್ಲ. ಹೀಗಾಗಿ 15 ಇಂಚಿನಿಂದ ಹೊರಟ ಬಟ್ಟೆ ನಡುವೆ ಹನ್ನೆರಡಕ್ಕೆ ಸೊರಗಿ, ನಾನು ಎಚ್ಚೆತ್ತುಕೊಂಡ ಮೇಲೆ ಮತ್ತೆ ಹಿಗ್ಗಿ, ಥೇಟು ಡಮರುಗವಾಯಿತು.

ನಮ್ಮ ಅತ್ತೆ ಗುಳೇದಗುಡ್ಡದವರು. ಖಣದ ಊರು, ಮಗ್ಗದ ಸದ್ದಿನಲ್ಲೇ ಬೆಳೆದವರು. ಅವರು ಉಡುವ ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಅಂಥ ಸೀರೆ ಉಟ್ಟವರ ಮುಂದೆ ನಾನು ನೇಯ್ದ ಟೇಬಲ್ ಮ್ಯಾಟ್ ಹರಡುವ ಧೈರ್ಯ ನನಗಲ್ಲದೆ ಇನ್ನಾರಿಗೆ ಬಂದೀತು! ಅವರು ನೇಯ್ಗೆಯ ನಡುವೆ ತೋರುಬೆರಳು ತೂರಿಸಿದರು. ಆ ಕಡೆ ಬಂದ ಬೆರಳನ್ನು ಸ್ವಲ್ಪ ಹೊತ್ತು ನೋಡಿದರು.

“ಭಾಳ ಚಲೋ ಆಗೇತ್ರೀ ಅಳಿಯಾರ. ಶ್ರೀಖಂಡಕ್ಕ ಮೊಸರು ಕಟ್ಟಾಕ ಇಂಥಾ ಅರಬೀನ ಬೇಕಾಗಿತ್ತು.”

ಕಟ್ಟಿಯೂ ಬಿಟ್ಟರು. ನೀರು ಇಳಿಯಿತು. ಹಿಂದೆಯೇ ಅರ್ಧ ಮೊಸರೂ ಇಳಿಯಿತು.

ಇನ್ನು ಹೊಲಿಗೆಯ ಪ್ರಸಂಗ. ಮಾರ್ಕೆಟ್ಟಿಗೆ ಒಯ್ಯುವ ಚೀಲ ಹೊಲಿಸೋಣವೆಂದು ಬಟ್ಟೆ ಹಿಡಿದು ಬೀದಿ ಕೊನೆಯ ದರ್ಜಿಯ ಹತ್ತಿರ ಹೋದೆ. ಅವರು ಕತ್ತರಿ ಎತ್ತಿದವರು ಹಾಗೇ ಕೆಳಗಿಟ್ಟರು. “ಸಾರ್, ಇದಕ್ಕೆ ಕತ್ತರಿ ಹಾಕಿದ್ರೆ ನಿಮ್ಗೆ ವಾಪಸ್ ಕೊಡೋದು ನೂಲು, ಚೀಲ ಅಲ್ಲ” ಎಂದರು. ಕೊನೆಗೆ ಕತ್ತರಿಸುವ ಗೆರೆಯ ಎರಡೂ ಪಕ್ಕ ಜಿಗ್‌ಜ್ಯಾಗ್ ಹೊಲಿಗೆ ಹಾಕಿ, ಒಳಗೆ ದಪ್ಪ ಕ್ಯಾನ್ವಾಸ್ ಕೊಟ್ಟು ಚೀಲ ಮಾಡಿದರು. ಗಟ್ಟಿಯಾಗಿದೆ. ಎರಡು ಕಿಲೋ ಆಲೂಗಡ್ಡೆ ಹೊರುತ್ತದೆ. ಹೊರುವುದು ಕ್ಯಾನ್ವಾಸೇ.

ನೇಕಾರ ವಚನಕಾರ ದೇವರ ದಾಸಿಮಯ್ಯನ ಕಥೆ ಗೊತ್ತಲ್ಲ, ಅವನು ನೇಯ್ದ ಬಟ್ಟೆಯನ್ನು ಶಿವ ಮುದುಕನ ವೇಷದಲ್ಲಿ ಬಂದು ಪಡೆದು ಹರಿದು ಹಾಕಿದನಂತೆ. ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದ ಹೆಂಡತಿ ಅಂದಳು: “ನಿಮ್ಮ ಬಟ್ಟೆಗೆ ಅವನು ಬರೋ ತ್ರಾಸು ತಗೋಬೇಕಾಗಿಲ್ಲ ರೀ, ತಾನೇ ಬಿಚ್ಚಿಕೊಳ್ಳುತ್ತೆ.”

ಹಾಗಂತ ಮಗ್ಗ ಅಟ್ಟಕ್ಕೇರಿಲ್ಲ. ಈಗ ಕಿಟಕಿ ಪರದೆಯ ಹಾಸು ಕೂತಿದೆ, ಅದಾದ ಮೇಲೆ ಕೈ ಖಾಲಿ. ಆದ್ದರಿಂದ ಗೃಹಪ್ರವೇಶ, ಮದುವೆ ಇಟ್ಟುಕೊಂಡಿರುವ ಬಂಧುಮಿತ್ರರು ದಯವಿಟ್ಟು ನನಗೆ ಎರಡು ತಿಂಗಳು ಮುಂಚೆಯೇ ತಿಳಿಸಬೇಕು. ಲಗ್ನಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿದರೂ ನಾನು ಕೇಳುವವನಲ್ಲ.